ಎಲ್ಲವೂ ವ್ಯರ್ಥ ಎನ್ನುವ ಪ್ರಸಂಗಿಯಲ್ಲಿ ಬದುಕಿನ ಅರ್ಥವನ್ನು ಹುಡುಕುವುದು ಹೇಗೆ?

‘ಸಮಸ್ತವೂ ವ್ಯರ್ಥ’ ಎಂದು ಆರಂಭವಾಗುವ, ಬೈಬಲಿನ ಹಳೆಯ ಒಡಂಬಡಿಕೆಯ ಪ್ರಸಂಗಿ ಎಂಬ ಗ್ರಂಥವನ್ನು ಬದುಕಿನ ಅರ್ಥಕ್ಕಾಗಿ ಓದುವಂತೆ ಯಾರಾದರೂ ಏಕೆ ಹೇಳಬೇಕು ಎಂದು ಕೇಳಿದ್ದೀರಿ. ಬೈಬಲಿನ ಜ್ಞಾನಸಾಹಿತ್ಯವನ್ನು, ಅಂದರೆ ಪ್ರಸಂಗಿ, ಯೋಬ, ಜ್ಞಾನೋಕ್ತಿಗಳಂಥ ಗ್ರಂಥಗಳನ್ನು, ಭಕ್ತಿಗಿಂತ ಹೆಚ್ಚಾಗಿ ತಕರಾರಿನಿಂದಲೇ ಓದಿದವನಾಗಿ ನನಗೆ ತೋರಿದ್ದನ್ನು ಹೇಳುತ್ತೇನೆ.

ಮನುಷ್ಯನು ಸೂರ್ಯನ ಕೆಳಗೆ ಪಡುವ ಪ್ರಯಾಸದಿಂದ ಅವನಿಗೆ ಕೊನೆಗೆ ಉಳಿಯುವ ಲಾಭವೇನು ಎಂಬುದು, ಗ್ರಂಥದಲ್ಲಿ ಮಾತನಾಡುವ ಪ್ರಸಂಗಿಯ (ಬೋಧಕನ) ಮೂಲ ಪ್ರಶ್ನೆ. ಎರಡನೆಯ ಅಧ್ಯಾಯದಲ್ಲಿ ಅವನು ಅರಸನಾಗಿ ನಿಂತು ದ್ರಾಕ್ಷಾರಸ, ಅರಮನೆ, ತೋಟ, ಕೊಳ, ಬೆಳ್ಳಿಬಂಗಾರ, ಸಂಗೀತ ಎಲ್ಲವನ್ನೂ ಪರೀಕ್ಷಿಸಿ ನೋಡುತ್ತಾನೆ. ಗಳಿಸಿದ್ದನ್ನೆಲ್ಲ ತನ್ನ ನಂತರ ಬರುವವನಿಗೆ, ಅವನು ಜ್ಞಾನಿಯೋ ಮೂಢನೋ ತಿಳಿಯದೆಯೇ, ಬಿಟ್ಟುಹೋಗಬೇಕೆಂಬುದು ಅರಿವಾದಾಗ ತಾನು ಪಟ್ಟ ಪ್ರಯಾಸವನ್ನೇ ದ್ವೇಷಿಸುತ್ತಾನೆ. ಸಂಪ್ರದಾಯವು ಈತನನ್ನು ಇಸ್ರಾಯೇಲಿನ ಅರಸ ಸೊಲೊಮೋನನೆನ್ನುತ್ತದೆ. ಗ್ರಂಥದ ಭಾಷೆಯನ್ನೂ ಅದರಲ್ಲಿರುವ ಪರ್ಷಿಯನ್ ಮೂಲದ ಪದಗಳನ್ನೂ ಗಮನಿಸಿದ ಬಹುಪಾಲು ವಿದ್ವಾಂಸರು ಅದು ಸೊಲೊಮೋನನಿಗಿಂತ ಹಲವು ಶತಮಾನಗಳ ನಂತರದ್ದೆನ್ನುತ್ತಾರೆ. ಹಾಗಿದ್ದರೆ ಅರಸನ ಪಾತ್ರವನ್ನು ಬೇಕೆಂದೇ ಆರಿಸಿರಬೇಕು: ಎಲ್ಲವನ್ನೂ ಹೊಂದಿದವನೇ ಲಾಭವಿಲ್ಲವೆಂದರೆ, ಇನ್ನಷ್ಟು ಸಿಕ್ಕಿದ್ದರೆ ಸಾಕಿತ್ತು ಎಂದು ಹೇಳಲು ಯಾರಿಗೂ ಅವಕಾಶ ಉಳಿಯುವುದಿಲ್ಲ.

ಆದರೆ ಅವನ ಮಾತು ಅತ್ಯಂತ ಕಹಿಯಾದ ಕಡೆಗಳಲ್ಲೆಲ್ಲ ಬಹುಮಟ್ಟಿಗೆ ಒಂದು ಪಲ್ಲವಿ ಕೇಳಿಸುತ್ತದೆ: ಅನ್ನಪಾನಗಳಲ್ಲಿಯೂ ದುಡಿಮೆಯಲ್ಲಿಯೂ ಸುಖಪಡುವುದು ದೇವರು ಕೊಟ್ಟ ವರ. ಎರಡು, ಮೂರು, ಐದು, ಎಂಟನೆಯ ಅಧ್ಯಾಯಗಳಲ್ಲಿ ತೀರ್ಮಾನದಂತಿರುವ ಈ ಮಾತು ಒಂಬತ್ತನೆಯದರಲ್ಲಿ ಅಪ್ಪಣೆಯಾಗುತ್ತದೆ. ಹೋಗು, ಸಂತೋಷದಿಂದ ಉಣ್ಣು, ಬಿಳಿಯ ಬಟ್ಟೆ ತೊಡು, ತಲೆಗೆ ಎಣ್ಣೆ ಹಚ್ಚಿಕೋ, ಪ್ರೀತಿಸುವ ಹೆಂಡತಿಯೊಡನೆ ಬಾಳು, ಕೈಗೆ ಸಿಕ್ಕಿದ ಕೆಲಸವನ್ನು ಪೂರ್ಣ ಶಕ್ತಿಯಿಂದ ಮಾಡು ಎನ್ನುವ ಪ್ರಸಂಗಿಯು ಅದಕ್ಕೆ ಕೊಡುವ ಕಾರಣ, ನೀನು ಸೇರಲಿರುವ ಪಾತಾಳದಲ್ಲಿ ಕೆಲಸವೂ ಇಲ್ಲ, ಜ್ಞಾನವೂ ಇಲ್ಲ ಎಂಬುದು. ಯಾವ ಮರಣವು ಲಾಭದ ಲೆಕ್ಕವನ್ನು ಅಳಿಸಿತೋ ಅದೇ ಮರಣವು ಇಂದಿನ ಊಟಕ್ಕೆ ಬೆಲೆ ತರುತ್ತದೆ. ಉಳಿತಾಯವಾಗದಿದ್ದರೂ ನಿನ್ನ ಪಾಲು ನಿನಗಿದೆ ಎಂಬುದೇ ಅವನ ಉತ್ತರವೆಂದು ನಾನು ತಿಳಿದಿದ್ದೇನೆ.

ಊಟವೇ ಇಲ್ಲದವನಿಗೆ ಈ ಉತ್ತರ ಸಾಲದು. ನಾಲ್ಕನೆಯ ಅಧ್ಯಾಯದಲ್ಲಿ ಅವನು ಹಿಂಸೆಗೊಳಗಾದವರ ಕಣ್ಣೀರನ್ನು ಕಾಣುತ್ತಾನೆ, ಸಂತೈಸುವವರು ಯಾರೂ ಇಲ್ಲವೆನ್ನುತ್ತಾನೆ, ಅಷ್ಟಕ್ಕೇ ಬಿಡುತ್ತಾನೆ. ತಪ್ಪಿಲ್ಲದೆಯೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಗ್ರಂಥ ಬೇಕಾಗುವುದು ಇಲ್ಲಿಯೇ. ಸಂಕಟವಿದ್ದರೆ ಪಾಪವೂ ಇರಲೇಬೇಕೆಂದು ವಾದಿಸುವ ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರ ಧರ್ಮವಾಕ್ಯಗಳು ಬಿಡಿಬಿಡಿಯಾಗಿ ಓದಿದರೆ ಚೆನ್ನಾಗಿಯೇ ಇವೆ. ಬೈಬಲಿನ ಗಾದೆಮಾತುಗಳ ಗ್ರಂಥವಾದ ಜ್ಞಾನೋಕ್ತಿಗಳಲ್ಲಿ ಅವು ಒಪ್ಪಬಹುದಾಗಿತ್ತು. ಆದರೂ ಕೊನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು ಅವರ ಮೇಲೆಯೇ. ತನ್ನ ಬಗ್ಗೆ ಸರಿಯಾಗಿ ಮಾತನಾಡಿದವನು ದೂರಿಟ್ಟ ಯೋಬನೇ ಎನ್ನುತ್ತಾನೆ. ಯೋಬನ ಭಕ್ತಿ ನಿಸ್ವಾರ್ಥವೇ ಎಂದು ಸೈತಾನನು ಎತ್ತಿದ ಸವಾಲಿಗೆ ದೇವರು ಒಪ್ಪಿದ್ದೇ ಈ ಸಂಕಟದ ಕಾರಣವೆಂದು ಓದುಗರಿಗೆ ಗ್ರಂಥದ ಆರಂಭದಲ್ಲೇ ತಿಳಿದಿರುತ್ತದೆ; ಅದನ್ನು ಮಾತ್ರ ಯೋಬನಿಗೆ ಕೊನೆಯವರೆಗೂ ಹೇಳುವುದಿಲ್ಲ.

ದೇವರಿಗೆ ಭಯಪಟ್ಟು ಆತನ ಆಜ್ಞೆಗಳನ್ನು ಕೈಕೊಳ್ಳಬೇಕೆಂಬ ಪ್ರಸಂಗಿಯ ಕೊನೆಯ ಮಾತನ್ನೇ ಇಡೀ ಗ್ರಂಥದ ಸಾರವೆಂದು ಹಲವರು ಬೋಧಿಸುತ್ತಾರೆ. ಆ ಭಾಗವು ಪ್ರಸಂಗಿಯನ್ನು ಪ್ರಥಮ ಪುರುಷದಲ್ಲಿ ‘ಅವನು’ ಎಂದು ಕರೆಯುವುದರಿಂದ ಅದು ಸಂಪಾದಕನೊಬ್ಬನದೆಂಬ ಅಭಿಪ್ರಾಯವಿದೆ, ನನಗೂ ಹಾಗೆಯೇ ತೋರುತ್ತದೆ. ಆದುದರಿಂದ ಹನ್ನೆರಡು ಅಧ್ಯಾಯಗಳನ್ನೂ ಒಂದೇ ಬಾರಿಗೆ ಓದಿರಿ. ಈ ಪ್ರಶ್ನೆ ನಿಮ್ಮಲ್ಲಿ ಹುಟ್ಟಿದ್ದು ಯಾವುದಾದರೂ ಸಾವುನೋವಿನಿಂದಾಗಿದ್ದರೆ, ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುವ ಮೂರನೆಯ ಅಧ್ಯಾಯದಿಂದ ಆರಂಭಿಸಿ, ಪ್ರಸಂಗಿಯನ್ನು ಅನಂತರಕ್ಕೆ ಇಟ್ಟುಕೊಳ್ಳಿರಿ.