ಕ್ಯುರಾಸಿಯರ್‌ಗಳ ಎದೆಕವಚ ಮಂಕಾಗಿದ್ದರೆ

ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಜಿನ ಮೇಲಿನ ಯುದ್ಧದಾಟದ 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಗೊಂಬೆಗಳು, ನೆಪೋಲಿಯನ್ ಕಾಲದ ಫ್ರೆಂಚ್ ಕ್ಯುರಾಸಿಯರ್ (ಉಕ್ಕಿನ ಎದೆಕವಚ ತೊಟ್ಟ ಕುದುರೆ ಸವಾರರು) ಹನ್ನೆರಡು, ಕುದುರೆಗಳು ಚೆನ್ನಾಗಿ ಬಂದಿವೆ. ಎದೆಕವಚ ಮಾತ್ರ ಸಿಮೆಂಟ್ ಬಳಿದ ಹಾಗಿದೆ, ಬೆಳ್ಳಿ ಬಣ್ಣ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಬೆಳ್ಳಿ ಬಣ್ಣ ಸರಿಯಾಗೇ ಇದೆ, ಕೊನೆಗೆ ಎಲ್ಲದರ ಮೇಲೂ ಹೊಡೆದ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಅದನ್ನು ಕೆಡಿಸಿದೆ. ಅದರಲ್ಲಿರುವ ನುಣ್ಣನೆಯ ಪುಡಿ ಬೆಳಕನ್ನು ಚದುರಿಸುತ್ತದೆ. ನೀಲಿ ಕೋಟಿಗೆ ಅದು ಬೇಕು, ಉಕ್ಕಿಗೆ ಬೇಡ. ಈಗ ಕೆರೆದು ತೆಗೆಯುವ ಗೋಜಿಗೆ ಹೋಗಬೇಡಿ. ಗ್ಲಾಸಿ (ಹೊಳಪಿನ) ವಾರ್ನಿಶನ್ನು ಸಣ್ಣ ಬ್ರಶ್‌ನಿಂದ ಕವಚ, ಹೆಲ್ಮೆಟ್, ಕತ್ತಿಯ ಅಲಗಿಗೆ ಮಾತ್ರ ತೆಳುವಾಗಿ ಎರಡು ಸಲ ಕೊಡಿ. ಹೊಳಪು ಬಹುಪಾಲು ವಾಪಸ್ ಬರುತ್ತದೆ.

ಮುಂದಿನ ತಂಡಕ್ಕೆ ಕೆಲಸದ ಕ್ರಮವನ್ನೇ ಬದಲಿಸಿ. ಸವಾರನನ್ನು ಕುದುರೆಗೆ ಮೊದಲೇ ಅಂಟಿಸಿದರೆ ತೊಡೆಯ ಒಳಭಾಗ, ತಡಿಯ ಕುರಿತೊಗಲು ಎರಡಕ್ಕೂ ಬ್ರಶ್ ಹೋಗುವುದಿಲ್ಲ. ಬೇರೆಬೇರೆಯಾಗಿ ಬಳಿದು ಕೊನೆಗೆ ಕೂರಿಸಿ. ಅಂಟು ಹತ್ತಬೇಕಾದ ಜಾಗಕ್ಕೆ ಬಣ್ಣ ತಾಗಿಸಬೇಡಿ, ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಹಿಡಿಯುವುದು ಬರಿಯ ಪ್ಲಾಸ್ಟಿಕ್ಕನ್ನು ಮಾತ್ರ.

ಕವಚಕ್ಕೆ ಕಪ್ಪು ಪ್ರೈಮರ್ (ಮೊದಲ ಪದರದ ಬಣ್ಣ), ಒಣಗಿದ ಮೇಲೆ ಗನ್‌ಮೆಟಲ್ (ಕಡು ಲೋಹದ ಬಣ್ಣ). ಆಮೇಲೆ ಕಪ್ಪು ವಾಶ್ (ನೀರಿನಂತೆ ತೆಳುವಾದ ಬಣ್ಣ), ಆದರೆ ಇಡೀ ಕವಚಕ್ಕೆ ಸುರಿಯಬೇಡಿ. ನಯವಾದ ತಗಡಿನ ಮೇಲೆ ಅದು ಒಣಗುವಾಗ ಕಾಫಿ ಲೋಟದ ಕಲೆಯಂತೆ ಉಂಗುರ ಕಟ್ಟುತ್ತದೆ. ಅಂಚಿನ ರಿವೆಟ್ ಸಾಲಿಗೆ, ಸೊಂಟದ ಬೆಲ್ಟ್ ಕೆಳಗೆ, ಕಂಕುಳ ಹತ್ತಿರ ಅಷ್ಟೇ. ಕೊನೆಗೆ ಎದೆಯ ನಡುವಿನ ಉಬ್ಬುಗೆರೆಗೆ ಮತ್ತು ಮೇಲ್ಭಾಗಕ್ಕೆ ತಿಳಿ ಬೆಳ್ಳಿ. ರಿವೆಟ್‌ಗಳಿಗೂ ಭುಜದ ಪಟ್ಟಿಯ ಚಿಪ್ಪುಗಳಿಗೂ ಹಿತ್ತಾಳೆ ಬಣ್ಣ. ಲೋಹದ ಬಣ್ಣಕ್ಕೆ ಬ್ರಶ್ಶೂ ನೀರೂ ಪ್ರತ್ಯೇಕ ಇರಲಿ. ಇಲ್ಲದಿದ್ದರೆ ಬೆಳ್ಳಿಯ ಚೂರು ಬಿಳಿ ಚಡ್ಡಿಯಲ್ಲೂ ಕುದುರೆಯ ಮೈಯಲ್ಲೂ ಮಿನುಗುತ್ತದೆ, ತೆಗೆಯಲು ಆಗುವುದಿಲ್ಲ.

ಕತ್ತು ಮತ್ತು ತೋಳಿನ ಹತ್ತಿರ ಕವಚದ ಒಳಗಿನ ಕೆಂಪು ಬಟ್ಟೆ ಇಣುಕುತ್ತದಲ್ಲ, ಅದರ ಅಂಚಿಗೆ ಬಿಳಿ ಪಟ್ಟಿ ಇರುತ್ತದೆ. ಮೊದಲು ಬಿಳಿಯನ್ನು ಧಾರಾಳವಾಗಿ ಎಳೆದು, ಆಮೇಲೆ ಕೆಂಪಿನಿಂದ ಒಳಗಡೆಯಿಂದ ಕೊರೆಯುತ್ತಾ ಬನ್ನಿ, ಬಿಳಿ ಕೂದಲೆಳೆಯಷ್ಟು ಉಳಿಯಲಿ. ನೇರವಾಗಿ ತೆಳು ಬಿಳಿ ಗೆರೆ ಎಳೆಯುವುದಕ್ಕಿಂತ ಇದು ಎಷ್ಟೋ ಸುಲಭ. ಮೂರಡಿ ದೂರದ ಮೇಜಿನಿಂದಲೂ ಕಣ್ಣಿಗೆ ಬೀಳುವುದು ಈ ಗೆರೆಯೇ.

ಕೋಟಿನ ಮೇಲೆ ರೆಜಿಮೆಂಟ್ ಗುರುತಿಸುವ ಬಣ್ಣ: 1ರಿಂದ 3ನೇ ರೆಜಿಮೆಂಟ್ ಕಡುಗೆಂಪು, 4ರಿಂದ 6 ಕಿತ್ತಳೆ, 7ರಿಂದ 9 ಹಳದಿ, 10ರಿಂದ 12 ಗುಲಾಬಿ. ಕೋಟಿನ ಮುಂಗೈ ಪಟ್ಟಿಯ ಬಣ್ಣ ಒಂದೇ ಗುಂಪಿನೊಳಗೂ ಬೇರೆ ಇರುತ್ತದೆ, ನಿಮ್ಮ ರೆಜಿಮೆಂಟ್ ನೋಡಿಕೊಂಡೇ ಬಳಿಯಿರಿ. ಕ್ಯಾರಬಿನಿಯರ್ (ಫ್ರೆಂಚ್ ಸೇನೆಯ ಇನ್ನೊಂದು ಕವಚಧಾರಿ ಸವಾರ ಪಡೆ) ಮಾಡುವುದಾದರೆ 1810ರ ನಂತರದ ಕೋಟು ಬಿಳಿ, ಕವಚ ಹಿತ್ತಾಳೆಯದು, ಬೆಳ್ಳಿ ಬಳಿಯಬೇಡಿ. ವಾಟರ್‌ಲೂ ಕದನದ ಆಟಕ್ಕೆ 11ನೇ ಕ್ಯುರಾಸಿಯರ್ ರೆಜಿಮೆಂಟ್ ಬೇಕಿದ್ದರೆ ಅವರಲ್ಲಿ ಬಹುತೇಕರು 1815ರಲ್ಲಿ ಕವಚವೇ ಇಲ್ಲದೆ ಹೋರಾಡಿದವರು.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಸ್ಪ್ರೇ ವಾರ್ನಿಶ್ ತೇವ ಹಿಡಿದು ಹಾಲಿನಂತೆ ಬೆಳ್ಳಗಾಗುತ್ತದೆ. ಆ ತಿಂಗಳುಗಳಲ್ಲಿ ಬಾಟಲಿಯ ವಾರ್ನಿಶನ್ನು ಬ್ರಶ್‌ನಿಂದ ಬಳಿಯಿರಿ. ಬಟ್ಟೆಗೆ, ಕುದುರೆಗೆ ಮ್ಯಾಟ್ ಮೊದಲು, ಲೋಹಕ್ಕೆ ಗ್ಲಾಸಿ ಕೊನೆಗೆ.