ನಿಮ್ಮ ಲೇಖನದಲ್ಲಿ ಯುದ್ಧ ಜಾಸ್ತಿ ಆಯಿತು

ಮೇಡಂ, ನಮಸ್ಕಾರ.

ಕಲಬುರಗಿಯ ನಮ್ಮ ಪತ್ರಿಕೆಯ ವಿಜ್ಞಾನ ಪುಟಕ್ಕೆ ನೀವು ಚಿತ್ತಾಪುರದಿಂದ ಕಳಿಸಿದ ‘ರಕ್ತ ಹುಟ್ಟಿಸುವ ಸೈನಿಕರು’ ಓದಿದೆ. ಕೆಂಪು ರಕ್ತಕಣ ತಯಾರಾಗಲು ರೋಗನಿರೋಧಕ ಕಣಗಳು ಹೇಗೆ ನೆರವಾಗುತ್ತವೆ ಎನ್ನುವುದು ವಿಷಯ. ಒಳ್ಳೆಯ ವಿಷಯವೇ. ಆದರೆ ಈಗಿರುವಂತೆ ಹಾಕಲು ಆಗುವುದಿಲ್ಲ.

ಮೊದಲ ಮೂರು ಪುಟ ತೆಗೆದುಬಿಡಿ. ‘ರಕ್ತವೇ ಜೀವ’ ಅಂತ ಶುರುವಾಗಿ ಕಾವಲು, ಶತ್ರು, ಬಾಣ ಎಲ್ಲಾ ಬಂದು ಹೋಗುತ್ತವೆ. ನಮ್ಮ ಬಹಮನಿ ಕೋಟೆಯನ್ನೂ ನೀವು ಬಿಟ್ಟಿಲ್ಲ! ಆದರೆ ನಿಮ್ಮ ಕಥಾನಾಯಕ, ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕಣ, ಇಲ್ಲಿ ಯಾರ ಜೊತೆಯೂ ಹೊಡೆದಾಡುವುದಿಲ್ಲ. ಮೂಳೆಮಜ್ಜೆಯಲ್ಲಿ ಅದು ನಡುವೆ ಕೂತಿರುತ್ತದೆ, ಬೆಳೆಯುತ್ತಿರುವ ಕೆಂಪು ಕಣಗಳು ಸುತ್ತ ಅಂಟಿಕೊಂಡಿರುತ್ತವೆ. ಫ್ರಾನ್ಸಿನ ರಕ್ತವಿಜ್ಞಾನಿ ಮಾರ್ಸೆಲ್ ಬೆಸ್ಸಿಸ್ 1958ರಲ್ಲೇ ಈ ಗುಂಪನ್ನು ವಿವರಿಸಿದ್ದರು. ಕಣ ಬಲಿಯುವಾಗ ಡಿಎನ್‌ಎ ಇರುವ ತನ್ನ ನ್ಯೂಕ್ಲಿಯಸ್ಸನ್ನು ಹೊರಗೆ ತಳ್ಳುತ್ತದೆ. ಮ್ಯಾಕ್ರೋಫೇಜ್ ಅದನ್ನು ನುಂಗಿ ಕರಗಿಸುತ್ತದೆ. ಒಳಗೆ ಹೋದ ಡಿಎನ್‌ಎ ಕರಗಿಸುವ ಕಿಣ್ವ ಇಲ್ಲದಿದ್ದರೆ ಇಲಿಮರಿಗಳು ಹುಟ್ಟುವ ಮೊದಲೇ ರಕ್ತಹೀನತೆಯಿಂದ ಸಾಯುತ್ತವೆ. ಇಂಥ ಸಂಗತಿಯನ್ನು ಏಳನೇ ಪುಟದಲ್ಲಿ ಅರ್ಧ ಸಾಲಿನಲ್ಲಿ ಹೂತಿದ್ದೀರಲ್ಲ!

ನೀವು ಲ್ಯಾಬ್ ಟೆಕ್ನಿಷಿಯನ್, ದಿನಾ ಸ್ಲೈಡ್ ನೋಡುವವರು. ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇಲ್ಲದಿರುವುದನ್ನು ಕಣ್ಣಾರೆ ಕಾಣುತ್ತೀರಿ. ಅದು ಎಲ್ಲಿ ಹೋಯಿತು ಅಂತ ಕೇಳುತ್ತಾ ಶುರು ಮಾಡಿ. ಕೆಂಪು ಕಣ ತಯಾರಿಸಲು ಹೇಳುವ ಮೂತ್ರಪಿಂಡದ ಹಾರ್ಮೋನು ಎರಿಥ್ರೊಪೊಯೆಟಿನ್‌ಗೆ ಎರಡು ಸಾಲು ಸಾಕು, ಅದನ್ನು ಎಲ್ಲರೂ ಬರೆದಾಗಿದೆ.

‘ಮ್ಯಾಕ್ರೋಫೇಜ್ ಇಲ್ಲದಿದ್ದರೆ ಒಂದು ಹನಿ ರಕ್ತವೂ ಹುಟ್ಟದು’ ಎಂದಿದ್ದೀರಿ. ಇದು ತಪ್ಪು. 2013ರಲ್ಲಿ ಬಂದ ಪ್ರಯೋಗಗಳಲ್ಲಿ ಇಲಿಗಳ ಮ್ಯಾಕ್ರೋಫೇಜ್‌ಗಳನ್ನು ತೆಗೆದಾಗ ಮಾಮೂಲಿ ದಿನಗಳಲ್ಲಿ ದೊಡ್ಡ ರಕ್ತಹೀನತೆ ಕಾಣಲಿಲ್ಲ. ರಕ್ತ ಹೋದ ಮೇಲೆ ಚೇತರಿಸಿಕೊಳ್ಳುವಾಗ ಮಾತ್ರ ಅವು ಹಿಂದೆ ಬಿದ್ದವು. ಇನ್ನೊಂದು ಮಜಾ ನೋಡಿ, ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದ್ದ ಇಲಿಗಳಿಗೆ ಹೀಗೆ ತೆಗೆದದ್ದೇ ಒಳ್ಳೆಯದಾಯಿತು. ಸೈನಿಕನ ಹೋಲಿಕೆಯಲ್ಲಿ ಇದು ಎಲ್ಲಿ ಕೂರುತ್ತದೆ, ಹೇಳಿ?

ಕೊನೆಯ ಪುಟಕ್ಕೆ ನನ್ನ ತಕರಾರು ಜಾಸ್ತಿ. ‘ಪುಂಡಿ ಪಲ್ಯ, ಬೀಟ್‌ರೂಟ್ ತಿನ್ನಿ, ರಕ್ತ ತಾನಾಗಿ ಏರುತ್ತದೆ’ ಎಂದು ಮುಗಿಸಿದ್ದೀರಿ. ಪುಂಡಿ ಪಲ್ಯ ನನಗೂ ಇಷ್ಟವೇ. ಆದರೆ ನೀವೇ ಕೊಟ್ಟ ಮಾಹಿತಿಗೆ ಈ ಮಾತು ಎದುರು ನಿಲ್ಲುತ್ತದೆ. ಹೊಸ ಕೆಂಪು ಕಣಗಳಿಗೆ ದಿನಕ್ಕೆ ಬೇಕಾದ ಸುಮಾರು 20–25 ಮಿಲಿಗ್ರಾಂ ಕಬ್ಬಿಣದಲ್ಲಿ ಊಟದಿಂದ ದೇಹ ಹೀರುವುದು 1–2 ಮಿಲಿಗ್ರಾಂ ಅಷ್ಟೇ. ಉಳಿದದ್ದು ಸುಮಾರು 120 ದಿನ ಬಾಳಿದ ಹಳೆಯ ಕಣಗಳಿಂದ ಬರುತ್ತದೆ. ಅವನ್ನು ಮುಖ್ಯವಾಗಿ ಗುಲ್ಮದಲ್ಲಿ (ಸ್ಪ್ಲೀನ್) ನುಂಗಿ ಕಬ್ಬಿಣ ವಾಪಸ್ ಕೊಡುವುದೂ ಮ್ಯಾಕ್ರೋಫೇಜ್‌ಗಳೇ. ಟಿಬಿಯಂಥ ಕಾಯಿಲೆ ತಿಂಗಳುಗಟ್ಟಲೆ ಉಳಿದರೆ ಯಕೃತ್ತು ಕಬ್ಬಿಣದ ಓಡಾಟ ತಡೆಯುವ ಹೆಪ್ಸಿಡಿನ್ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ. ಆಗ ಮ್ಯಾಕ್ರೋಫೇಜ್ ಕಬ್ಬಿಣವನ್ನು ಹೊರಗೆ ಬಿಡುವುದಿಲ್ಲ, ಕರುಳೂ ಸರಿಯಾಗಿ ಹೀರುವುದಿಲ್ಲ. ಎಚ್‌ಬಿ (ಹಿಮೋಗ್ಲೋಬಿನ್) ಕಡಿಮೆ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮಾತ್ರ ಸರಿಯಾಗಿಯೋ ಜಾಸ್ತಿಯೋ ಇರುವ ರಿಪೋರ್ಟ್ ನಿಮ್ಮ ಕೈಗೂ ಬಂದಿರಬೇಕು, ಅಲ್ವಾ? ಅದನ್ನು ಬರೆಯಿರಿ. ಹಾಗಂತ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಯಾರೂ ಬಿಟ್ಟುಬಿಡದಂತೆ ಒಂದು ಸಾಲು ಸೇರಿಸಿ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ನಿಜವಾದ ಕಬ್ಬಿಣದ ಕೊರತೆಯೂ ಬೇಕಾದಷ್ಟಿದೆ.

ಆರು ನೂರು ಪದಕ್ಕೆ ಇಳಿಸಿ, ರಕ್ತದ ಕಾಯಿಲೆ ನೋಡುವ ಒಬ್ಬ ಡಾಕ್ಟರಿಗೆ ಓದಿಸಿ ಕಳಿಸಿ. ಜೊತೆಗೆ ಸ್ಲೈಡಿನ ಒಂದು ಫೋಟೋ ಇರಲಿ. ರೋಗಿಯ ಹೆಸರು, ನಂಬರ್ ಅದರಲ್ಲಿ ಕಾಣಬಾರದು.