ತೂಕ ಜಾಸ್ತಿ ಇದ್ದರೆ ತುರ್ತು ಆಪರೇಷನ್‌ಗೆ ಬೇರೆ ಆಸ್ಪತ್ರೆಗೆ ಯಾಕೆ ಕಳಿಸುತ್ತಾರೆ?

ಅಪೆಂಡಿಕ್ಸ್ ಆಪರೇಷನ್ ಸಣ್ಣದೇ ಅಲ್ವಾ, ತೂಕ ನೋಡಿ ಸುಮ್ನೆ ಸಾಗಹಾಕುತ್ತಾರಾ ಅಂತ ಕೇಳಿದ್ದೀರಿ. ಕೆಲವೊಮ್ಮೆ ಹಾಗೂ ಆಗುತ್ತದೆ. ಆದರೆ ಹೆಚ್ಚಿನ ಸಲ ಕಾರಣ ನಿಜವಾದದ್ದೇ.

ದೊಡ್ಡ ಚಿಂತೆ ಅರಿವಳಿಕೆಯದು. ಮಲಗಿಸಿದಾಗ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುತ್ತದೆ, ಒಳಗೆ ಉಳಿಯುವ ಗಾಳಿಯೇ ಕಡಿಮೆ. ಮೊದಲೇ ಆಮ್ಲಜನಕ ಕೊಟ್ಟು ಅರಿವಳಿಕೆ ಮದ್ದಿನಿಂದ ಉಸಿರು ನಿಲ್ಲಿಸಿದರೆ, ಸಾಮಾನ್ಯ ತೂಕದ ಆರೋಗ್ಯವಂತರು ಸುಮಾರು 8 ನಿಮಿಷ ತಡೆಯುತ್ತಾರೆ. ತೀರಾ ದಪ್ಪ ಇರುವವರಲ್ಲಿ 3 ನಿಮಿಷದೊಳಗೇ ಆಮ್ಲಜನಕ ಕುಸಿಯಬಹುದು. ಅಷ್ಟರೊಳಗೆ ಗಂಟಲಿಗೆ ಟ್ಯೂಬ್ ಹಾಕಬೇಕು, ಅದೂ ದಪ್ಪ ಕುತ್ತಿಗೆಯಲ್ಲಿ! ನುರಿತ ಅರಿವಳಿಕೆ ತಜ್ಞರು, ಆಮೇಲೆ ಐಸಿಯು ಬೆಡ್ ಇಲ್ಲದ ಕಡೆ ಇದಕ್ಕೆ ಕೈ ಹಾಕದಿರುವುದೇ ಸರಿ. ಇಲ್ಲಿ ತೀರಾ ದಪ್ಪ ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ದಾಟಿದವರು. 165 ಸೆಂ.ಮೀ. ಎತ್ತರಕ್ಕೆ ಅದು ಸುಮಾರು 109 ಕೆಜಿ.

ಇನ್ನು ಸಲಕರಣೆ. ಸಿಟಿ ಸ್ಕ್ಯಾನ್ ಮೇಜಿಗೂ ಆಪರೇಷನ್ ಮೇಜಿಗೂ ತೂಕದ ಮಿತಿ ಇದೆ. ಹಲವು ಸಿಟಿ ಯಂತ್ರಗಳ ಬಾಯಿ 70 ಸೆಂ.ಮೀ. ಅಷ್ಟೇ. ಮೇಜು ತಡೆದರೂ ಹೊಟ್ಟೆ ಹಿಡಿಸಬೇಕಲ್ಲ. ಕೊಬ್ಬಿನ ಪದರ ದಪ್ಪ ಇದ್ದರೆ ಅಲ್ಟ್ರಾಸೌಂಡ್‌ನಲ್ಲೂ ಅಪೆಂಡಿಕ್ಸ್ ಸರಿಯಾಗಿ ಕಾಣುವುದಿಲ್ಲ.

ತೊಂದರೆ ಇರುವುದು ದಾರಿಯಲ್ಲಿ ಕಳೆಯುವ ಸಮಯದಲ್ಲಿ. ಅಪೆಂಡಿಕ್ಸ್ ಒಡೆಯಬಹುದು, ಹರ್ನಿಯಾದಲ್ಲಿ ಸಿಕ್ಕಿಕೊಂಡ ಕರುಳು ಕೊಳೆಯಬಹುದು. ಹಾಗಾಗಿ ಹೊರಡುವ ಮೊದಲೇ ಡ್ರಿಪ್, ಆಂಟಿಬಯೋಟಿಕ್ ಶುರು ಮಾಡಲು ಆಗುತ್ತದಾ ಕೇಳಿ. ಆ ಕಡೆಯ ಆಸ್ಪತ್ರೆಗೆ ವೈದ್ಯರಿಂದಲೇ ಫೋನ್ ಮಾಡಿಸಿ. ತೂಕವನ್ನು ನಾಚಿಕೆಯಿಂದ ಹತ್ತು ಕೆಜಿ ಇಳಿಸಿ ಹೇಳಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ. ಇಲ್ಲದಿದ್ದರೆ ಅಲ್ಲಿಂದ ಮತ್ತೆ ಇನ್ನೊಂದು ಆಸ್ಪತ್ರೆಗೆ ಓಡಬೇಕಾದೀತು.